ಹೆಗಲ ಮೇಲಿನ ಸೀಮೆಸುಣ್ಣ

ರಾಯಚೂರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವುದು ನನ್ನ ಕೆಲಸ. ಕರಿಹಲಗೆಯ ಕಾಲದಲ್ಲಿ ನನಗೊಂದು ಅನುಕೂಲವಿತ್ತು. ಹೆಗಲ ಮೇಲೆ ಉದುರಿದ ಬಿಳಿ ಪುಡಿ ಯಾರ ಕಣ್ಣಿಗಾದರೂ ಬಿದ್ದರೆ, ತಪ್ಪನ್ನೆಲ್ಲ ಸೀಮೆಸುಣ್ಣದ ಮೇಲೆ ಹೊರಿಸಿ ಕೊಡವಿಕೊಳ್ಳುತ್ತಿದ್ದೆ. ಶಾಲೆಗೆ ಬಿಳಿ ಹಲಗೆ, ಮಾರ್ಕರ್ ಪೆನ್ನು ಬಂದ ವರ್ಷ ಆ ನೆಪ ಹೋಯಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ‘ಸರ್, ನಿಮ್ಮ ಅಂಗಿಯ ಮೇಲೆ ಏನೋ ಬಿದ್ದಿದೆ’ ಎಂದಾಗ ವಿಜ್ಞಾನದ ಮೇಷ್ಟ್ರ ಬಳಿ ಉತ್ತರವಿರಲಿಲ್ಲ. ನಾನು ವೈದ್ಯನಲ್ಲ. ಹನ್ನೆರಡು ವರ್ಷದಿಂದ ಈ ಕಾಯಿಲೆಯನ್ನು ತಲೆಯ ಮೇಲೆ ಹೊತ್ತವನು, ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದವನು, ಅಷ್ಟೆ.

ಆ ಪುಡಿಗೆ ವೈದ್ಯರು ಇಟ್ಟಿರುವ ಹೆಸರು ಸೆಬೊರಿಕ್ ಡರ್ಮಟೈಟಿಸ್. ತಲೆಯಲ್ಲಿ ಬರೀ ಪುಡಿ ಉದುರುತ್ತಿದ್ದರೆ ನಾವೆಲ್ಲ ಬಲ್ಲ ತಲೆಹೊಟ್ಟು. ಅದೇ ಹೊಟ್ಟು ತುರಿಕೆ ಹತ್ತಿ, ಬುಡ ಕೆಂಪಾಗಿ, ಹುಬ್ಬು, ಮೂಗಿನ ಎರಡು ಬದಿಯ ಮಡಿಕೆ, ಕಿವಿಯ ಹಿಂಭಾಗ, ಗಡ್ಡದ ಬುಡ, ಎದೆಯ ನಡುಭಾಗಗಳಲ್ಲಿ ಜಿಡ್ಡುಜಿಡ್ಡಾದ ಹಳದಿ ಪೊರೆಯಾಗಿ ಏಳತೊಡಗಿದರೆ ಈ ದೊಡ್ಡ ಹೆಸರು. ಎರಡೂ ಒಂದೇ ಬಳ್ಳಿಯ ಕಾಯಿಗಳು. ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬದುಕಿನಲ್ಲಿ ಒಮ್ಮೆಯಾದರೂ ಹೊಟ್ಟು ಕಂಡವರೇ. ದೊಡ್ಡ ಹೆಸರಿನದು ನೂರರಲ್ಲಿ ಮೂರರಿಂದ ಐದು ಜನರಿಗೆ, ಹೆಂಗಸರಿಗಿಂತ ಗಂಡಸರಿಗೆ ಹೆಚ್ಚು.

ಪಾಶ್ಚಾತ್ಯರ ಚಿತ್ರಗಳಲ್ಲಿ ಕಾಣುವ ಕೆಂಪು ನಮ್ಮ ಬಣ್ಣದ ಚರ್ಮದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಬದಲಿಗೆ ಮೂಗಿನ ಪಕ್ಕ, ಹುಬ್ಬಿನ ಮೇಲೆ ಸುತ್ತಲಿಗಿಂತ ತಿಳಿಯಾದ ಮಚ್ಚೆ ಉಳಿಯುತ್ತದೆ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದರೆ ಈ ಮಚ್ಚೆ ಎಬ್ಬಿಸುವ ಗಾಬರಿಯನ್ನು ಬಿಡಿಸಿ ಹೇಳಬೇಕಿಲ್ಲ. ಇದು ತೊನ್ನಲ್ಲ. ತೊನ್ನಿನಲ್ಲಿ ಮಚ್ಚೆ ಹಾಲಿನಂತೆ ಬಿಳಿಯಾಗಿ, ನುಣ್ಣಗೆ ಇರುತ್ತದೆ, ಪೊರೆ ಏಳುವುದಿಲ್ಲ. ಇಲ್ಲಿಯದು ಅರೆಬಿಳುಪು. ಕಾಯಿಲೆ ತಗ್ಗಿದರೆ ವಾರಗಳಲ್ಲಿ, ಇಲ್ಲವೇ ಕೆಲವು ತಿಂಗಳಲ್ಲಿ ಚರ್ಮದ ಬಣ್ಣ ಮರಳುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ನನ್ನ ತಲೆ ನೋಡಿದ ಕ್ಷೌರಿಕರೊಬ್ಬರು ಬಾಚಣಿಗೆಯನ್ನು ಬದಿಗಿಟ್ಟು ಮನೆಯಿಂದಲೇ ತನ್ನಿ ಎಂದಿದ್ದರು. ಬೇಸರವಾಯಿತು, ಆದರೆ ಅವರಿಗೆ ಯಾರು ತಾನೇ ಹೇಳಿಕೊಟ್ಟಿದ್ದಾರೆ?

ಅಂಟುವ ಪ್ರಶ್ನೆಯೇ ಇಲ್ಲ ಎನ್ನಲು ಕಾರಣ ಸರಳ. ಇದರ ಹಿಂದಿರುವ ಸೂಕ್ಷ್ಮಜೀವಿ ಎಲ್ಲರ ಮೈಮೇಲೂ ಮೊದಲೇ ವಾಸವಾಗಿದೆ. ಅದರ ಹೆಸರು ಮಲಸೇಜಿಯ. 1874ರಲ್ಲಿ ಹೊಟ್ಟಿನ ಚೂರುಗಳಲ್ಲಿ ಇದನ್ನು ಗುರುತಿಸಿದ ಫ್ರಾನ್ಸಿನ ಲೂಯಿ ಶಾರ್ಲ್ ಮಲಸ್ಸೆ ಅವರಿಂದ ಬಂದ ಹೆಸರದು. ಹಿಟ್ಟು ಹುದುಗಿಸುವ ಯೀಸ್ಟಿನಂಥ ಒಂದು ಶಿಲೀಂಧ್ರ. ಆದರೆ ಒಂದು ಕೊರತೆ ಇದಕ್ಕಿದೆ: ಬದುಕಲು ಬೇಕಾದ ಕೊಬ್ಬಿನ ಆಮ್ಲಗಳನ್ನು ತಾನೇ ತಯಾರಿಸಿಕೊಳ್ಳಲಾರದು. ಹಾಗಾಗಿ ಕೊಬ್ಬು ಎಲ್ಲಿದೆಯೋ ಅಲ್ಲಿಯೇ ಬಿಡಾರ. ನಮ್ಮ ಕೂದಲ ಬುಡದ ಮೇದೋಗ್ರಂಥಿಗಳು ಸ್ರವಿಸುವ ಜಿಡ್ಡೇ ಅದರ ಊಟ. ಆ ಗ್ರಂಥಿಗಳು ದಟ್ಟವಾಗಿರುವುದು ನೆತ್ತಿ, ಹುಬ್ಬು, ಮೂಗಿನ ಪಕ್ಕ, ಎದೆಯಲ್ಲಿ. ಕಾಯಿಲೆಯ ನಕಾಶೆಯೂ ಅದೇ.

ಯೀಸ್ಟ್ ಜಿಡ್ಡನ್ನು ಒಡೆದು ತನಗೆ ಬೇಕಾದ ಕೊಬ್ಬಿನ ಆಮ್ಲಗಳನ್ನು ತಿನ್ನುತ್ತದೆ, ಬೇಡದ್ದನ್ನು ಚರ್ಮದ ಮೇಲೆಯೇ ಬಿಡುತ್ತದೆ. ಹಾಗೆ ಬಿಟ್ಟ ಎಂಜಲಿನಲ್ಲಿ ಮುಖ್ಯವಾದದ್ದು ಒಲಿಯಿಕ್ ಆಮ್ಲ. ಅದು ಚರ್ಮದ ಮೇಲ್ಪದರದೊಳಗೆ ಇಳಿದು ಕೆರಳಿಸುತ್ತದೆ. ಕೆರಳಿದ ಚರ್ಮ ಅವಸರ ಅವಸರವಾಗಿ ಹೊಸ ಜೀವಕೋಶಗಳನ್ನು ಮೇಲೆ ತಳ್ಳುತ್ತದೆ. ಸುಮಾರು ನಾಲ್ಕು ವಾರದಲ್ಲಿ ಒಂದೊಂದಾಗಿ, ಕಣ್ಣಿಗೆ ಕಾಣದಂತೆ ಉದುರಬೇಕಾದ ಕೋಶಗಳು ಬಲಿಯುವ ಮೊದಲೇ ಗುಂಪುಗುಂಪಾಗಿ ಉದುರುತ್ತವೆ. ಅದೇ ಹೊಟ್ಟು. ಹಾಗಾದರೆ ಎಲ್ಲರಿಗೂ ಏಕೆ ಬರುವುದಿಲ್ಲ? ವಿಜ್ಞಾನಿಗಳು ಯೀಸ್ಟಿನ ಗೊಡವೆಯೇ ಇಲ್ಲದೆ ನೇರವಾಗಿ ಒಲಿಯಿಕ್ ಆಮ್ಲವನ್ನು ಜನರ ನೆತ್ತಿಗೆ ಹಚ್ಚಿ ನೋಡಿದರು. ಹೊಟ್ಟಿನ ಸ್ವಭಾವದವರ ತಲೆಯಲ್ಲಿ ಪುಡಿ ಎದ್ದಿತು, ಉಳಿದವರ ತಲೆ ತಣ್ಣಗಿತ್ತು. ಅಂದರೆ ಯೀಸ್ಟ್, ಜಿಡ್ಡು, ಅದನ್ನು ಸಹಿಸದ ಚರ್ಮ, ಈ ಮೂರೂ ಕೂಡಬೇಕು. ಮೂರನೆಯದು ಹುಟ್ಟಿನಿಂದ ಬಂದದ್ದು. ನಾವು ಕೈಯಾಡಿಸಬಹುದಾದದ್ದು ಮೊದಲೆರಡರಲ್ಲಿ.

ಇಷ್ಟು ತಿಳಿದರೆ ವಯಸ್ಸಿನ ಗುಟ್ಟೂ ಬಿಡುತ್ತದೆ. ಹಸುಗೂಸುಗಳ ನೆತ್ತಿಯಲ್ಲಿ ಮೊದಲ ಮೂರು ತಿಂಗಳು ಹಳದಿ ಪೊರೆ ಕಟ್ಟುವುದು ತಾಯಿಯಿಂದ ಬಂದ ಹಾರ್ಮೋನು ಗ್ರಂಥಿಗಳನ್ನು ಎಚ್ಚರಿಸಿರುವುದರಿಂದ. ಅದು ತಾನಾಗಿ ಹೋಗುತ್ತದೆ, ಉಗುರಿನಿಂದ ಕೆರೆದು ತೆಗೆಯಬೇಡಿ. ಆಮೇಲೆ ಪ್ರಾಯ ಬರುವವರೆಗೆ ಗ್ರಂಥಿಗಳು ಮಲಗಿರುತ್ತವೆ. ಆದ್ದರಿಂದ ಆರೇಳು ವರ್ಷದ ಮಗುವಿನ ತಲೆಯಲ್ಲಿ ಹೊಟ್ಟು ಎದ್ದು ಕೂದಲೂ ತೇಪೆತೇಪೆಯಾಗಿ ಉದುರುತ್ತಿದ್ದರೆ ಅದು ಹೊಟ್ಟಲ್ಲ, ಬಹುಮಟ್ಟಿಗೆ ಗಜಕರ್ಣ. ಅದು ಅಂಟುತ್ತದೆ, ನುಂಗುವ ಮಾತ್ರೆಯಿಲ್ಲದೆ ಹೋಗುವುದೂ ಇಲ್ಲ.

ಈಗ ನಮ್ಮ ಮನೆಮನೆಯ ಜಗಳಕ್ಕೆ ಬರೋಣ. ಪುಡಿ ಉದುರುವುದನ್ನು ನೋಡಿದ ಕೂಡಲೇ ಅವ್ವನ ಬಾಯಿಂದ ಬರುವ ಮಾತು: ‘ತಲೆ ಒಣಗಿದೆ, ಎಣ್ಣೆ ಹಚ್ಚಿಕೊ.’ ನೋಡಲು ಒಣಗಿದಂತೆಯೇ ಇದೆ, ಬೇಸಿಗೆಯ ಹೊಲದ ಮೇಲ್ಪದರದ ಹಾಗೆ. ಆದರೆ ಇದು ಜಿಡ್ಡಿನ ಕಾಯಿಲೆ, ಒಣಗಿದ್ದರ ಕಾಯಿಲೆಯಲ್ಲ. ಪ್ರಯೋಗಾಲಯದಲ್ಲಿ ಈ ಯೀಸ್ಟನ್ನು ಬೆಳೆಸಬೇಕಾದರೆ ತಟ್ಟೆಯ ಮೇಲೆ ಆಲಿವ್ ಎಣ್ಣೆ ಸವರುವುದು ಹಳೆಯ ಪದ್ಧತಿ. ಎಣ್ಣೆಯಿಲ್ಲದ ತಟ್ಟೆಯಲ್ಲಿ ಅದು ತಲೆಯೆತ್ತುವುದಿಲ್ಲ. ನಾನೋ ಅವ್ವನ ಮಾತು ಮೀರಲಾರದೆ ವರ್ಷಗಟ್ಟಲೆ ರಾತ್ರಿ ಎಣ್ಣೆ ಹಚ್ಚಿ, ಬೆಳಗ್ಗೆ ಹಾಗೆಯೇ ಬಾಚಿಕೊಂಡು ಶಾಲೆಗೆ ಹೋಗುತ್ತಿದ್ದೆ. ನನ್ನ ತಲೆಯೇ ಆ ಪ್ರಯೋಗದ ತಟ್ಟೆಯಾಗಿತ್ತು. ಮಲಸೇಜಿಯ ಸುಮಾರು ಹನ್ನೊಂದರಿಂದ ಇಪ್ಪತ್ನಾಲ್ಕು ಇಂಗಾಲದ ಸರಪಳಿಯ ಕೊಬ್ಬಿನ ಆಮ್ಲಗಳನ್ನು ಬಳಸಿಕೊಳ್ಳಬಲ್ಲದು. ಕೊಬ್ಬರಿ ಎಣ್ಣೆಯಲ್ಲಿ ಅರ್ಧದಷ್ಟಿರುವ ಲಾರಿಕ್ ಆಮ್ಲಕ್ಕೆ ಹನ್ನೆರಡು ಇಂಗಾಲ. ಶೇಂಗಾ, ಕುಸುಬೆ, ಹರಳೆಣ್ಣೆಗಳ ಮುಖ್ಯ ಆಮ್ಲಗಳಿಗೆ ಹದಿನೆಂಟು. ಎಲ್ಲವೂ ಅದರ ಊಟದ ಪಟ್ಟಿಯಲ್ಲೇ ಇವೆ.

ಹಾಗೆಂದು ಅವ್ವನ ಕಡೆಯ ನ್ಯಾಯವನ್ನೂ ಹೇಳಬೇಕು. ದೀಪಾವಳಿಯ ಎಣ್ಣೆನೀರಿನಲ್ಲಿ ಹಚ್ಚಿದ ಎಣ್ಣೆಯನ್ನು ಸ್ವಲ್ಪ ಹೊತ್ತಿಗೇ ಸೀಗೆಕಾಯಿ ಹಾಕಿ ಉಜ್ಜಿ, ಬಿಸಿನೀರಿನಲ್ಲಿ ತಲೆ ಎರೆದುಕೊಳ್ಳುತ್ತಿದ್ದರು. ಎಣ್ಣೆ ಪೊರೆಯನ್ನು ಮೆತ್ತಗೆ ಮಾಡುತ್ತಿತ್ತು, ಸೀಗೆಕಾಯಿ ಎರಡನ್ನೂ ಒಯ್ಯುತ್ತಿತ್ತು. ತಪ್ಪಿದ್ದು ನಮ್ಮಲ್ಲಿ, ಹಚ್ಚುವುದನ್ನು ಉಳಿಸಿಕೊಂಡು ತೊಳೆಯುವುದನ್ನು ಬಿಟ್ಟೆವು. ದಪ್ಪ ಪೊರೆ ಕಟ್ಟಿದ್ದರೆ ಇಂದಿಗೂ ಸ್ನಾನಕ್ಕೆ ಅರ್ಧ ಗಂಟೆ ಮೊದಲು ಎಣ್ಣೆ ಹಚ್ಚಿ ಪೂರ್ತಿ ತೊಳೆದುಬಿಡಬಹುದು. ಯೀಸ್ಟಿಗೆ ತಿನ್ನಲು ಬಾರದ, ಲಿಕ್ವಿಡ್ ಪ್ಯಾರಾಫಿನ್ ಎಂಬ ಖನಿಜ ಎಣ್ಣೆ ಇನ್ನೂ ಮೇಲು. ಉದ್ದ ಕೂದಲಿನವರು ತುದಿಗೆ ಮಾತ್ರ ಸವರಿಕೊಂಡು ಬುಡವನ್ನು ಬಿಡಲಿ.

ತೊಳೆಯುವುದಕ್ಕೂ ನಮ್ಮ ಭಾಗದಲ್ಲಿ ತೊಡಕಿದೆ. ಬಹಳ ಊರುಗಳ ಕೊಳವೆಬಾವಿಯ ನೀರು ಗಡಸು. ಸಾಮಾನ್ಯ ಸೋಪು ಅದರಲ್ಲಿ ನೊರೆ ಬರುವ ಬದಲು ಕ್ಯಾಲ್ಸಿಯಂ ಜೊತೆ ಸೇರಿ ಅಂಟಂಟಾದ ಗಸಿಯಾಗುತ್ತದೆ, ಅದು ಕೂದಲ ಬುಡದಲ್ಲಿ ಕೂರುತ್ತದೆ. ಮೇಲಾಗಿ ಚರ್ಮದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಸುಮಾರು 5, ಸೋಪಿನದು 9ರಿಂದ 10. ತಲೆಗೆ, ಮುಖಕ್ಕೆ ಬಟ್ಟೆ ಸೋಪು, ಮೈ ಸೋಪು ಉಜ್ಜುವ ಅಭ್ಯಾಸ ಬಿಟ್ಟದ್ದರಿಂದಲೇ ನನ್ನ ಉರಿ ಅರ್ಧ ಇಳಿಯಿತು. ಶಾಂಪೂ ಗಡಸು ನೀರಿನಲ್ಲೂ ಕೆಲಸ ಮಾಡುತ್ತದೆ. ಕೊನೆಯ ಎರಡು ಚೊಂಬಿಗಾದರೂ ನಲ್ಲಿಯ ನೀರು ಸಿಕ್ಕರೆ ಒಳ್ಳೆಯದು.

ಶಾಂಪೂ ಎಂದರೆ ಯಾವುದೋ ಒಂದಲ್ಲ. ಯೀಸ್ಟಿನ ಮೇಲೆ ನೇರ ಕೆಲಸ ಮಾಡುವ ಶೇಕಡ 2ರ ಕೀಟೊಕೊನಜೋಲ್ ಶಾಂಪೂ ಮೊದಲ ಸಾಲಿನದು. ಜಿಂಕ್ ಪೈರಿಥಿಯಾನ್, ಸೆಲೆನಿಯಂ ಸಲ್ಫೈಡ್ ನಂತರದವು. ವಾರಕ್ಕೆ ಎರಡು ಬಾರಿಯಂತೆ ಎರಡರಿಂದ ನಾಲ್ಕು ವಾರ, ಬುಡಕ್ಕೆ ತಾಗುವಂತೆ ಹಚ್ಚಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು. ಹೆಚ್ಚಿನವರು ಸೋಲುವುದು ಈ ಐದು ನಿಮಿಷದಲ್ಲಿ. ಹಚ್ಚಿದ ತಕ್ಷಣ ತಂಬಿಗೆ ಸುರಿದುಕೊಂಡರೆ ಔಷಧಿ ಮೋರಿಗೆ ಹೋಗುತ್ತದೆ. ಅದೇ ನೊರೆಯನ್ನು ಹುಬ್ಬಿಗೆ, ಗಡ್ಡಕ್ಕೆ, ಕಿವಿಯ ಹಿಂದಕ್ಕೂ ಹಚ್ಚಬಹುದು, ಕಣ್ಣು ಮುಚ್ಚಿಕೊಂಡು. ಇನ್ನು ಸೋಲುವ ಎರಡನೆಯ ಜಾಗ, ಹೊಟ್ಟು ಹೋದ ಮೇಲೆ. ಎಲ್ಲ ಸರಿಯಾಯಿತೆಂದು ಶೀಶೆ ಮುಚ್ಚಿಟ್ಟರೆ ಕೆಲವೇ ವಾರದಲ್ಲಿ ಅದು ಮರಳುತ್ತದೆ, ನಾವು ‘ಈ ಶಾಂಪೂ ನನಗೆ ಆಗಿಬರಲಿಲ್ಲ’ ಎಂದು ತೀರ್ಮಾನಿಸುತ್ತೇವೆ. ಇದನ್ನು ಬೇರುಸಹಿತ ಕೀಳುವ ಔಷಧಿ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನ ರೈತರಿಗೆ ಪಾಳಿಯ ಬೆಲೆ ಗೊತ್ತು. ಇಲ್ಲೂ ಹಾಗೆಯೇ, ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಪಾಳಿ ತಪ್ಪಬಾರದು.

ಮುಖಕ್ಕೆ ಬಂದಾಗ ನಾನು ಮಾಡಿದ ತಪ್ಪು ದೊಡ್ಡದು. ಒಂದು ಔಷಧಿ ಅಂಗಡಿಯಲ್ಲಿ ಮೂಗಿನ ಪಕ್ಕ ತೋರಿಸಿದೆ, ಒಂದು ಟ್ಯೂಬು ಕೊಟ್ಟರು. ಮೂರು ದಿನದಲ್ಲಿ ಮುಖ ಕನ್ನಡಿಯಾಯಿತು. ನಿಲ್ಲಿಸಿದ ವಾರಕ್ಕೆ ಮೊದಲಿಗಿಂತ ಹೆಚ್ಚು ಕೆರಳಿತು, ಮತ್ತೆ ಹಚ್ಚಿದೆ. ಎಂಟು ತಿಂಗಳು ಹೀಗೆ ನಡೆದ ಮೇಲೆ ಕೆನ್ನೆಯ ಚರ್ಮ ತೆಳುವಾಗಿ ಕೆಂಪು ನರಗಳು ಕಾಣತೊಡಗಿದವು, ಬಿಸಿಲಿಗೆ ಹೋದರೆ ಉರಿ. ಟ್ಯೂಬಿನಲ್ಲಿದ್ದದ್ದು ಕ್ಲೊಬೆಟಸಾಲ್, ಪ್ರಬಲ ಸ್ಟಿರಾಯ್ಡ್. ಜೊತೆಗೆ ಶಿಲೀಂಧ್ರನಾಶಕವನ್ನೂ ಬೆರೆಸಿದ್ದರಿಂದ ಅದು ಒಳ್ಳೆಯ ಔಷಧಿಯ ವೇಷ ಹಾಕಿತ್ತು. ಈ ಬಗೆಯ ಹಾನಿ ನಮ್ಮ ದೇಶದಲ್ಲಿ ಎಷ್ಟು ಹರಡಿದೆಯೆಂದರೆ ಚರ್ಮವೈದ್ಯರು ಅದಕ್ಕೊಂದು ಪ್ರತ್ಯೇಕ ಹೆಸರನ್ನೇ ಕೊಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಟ್ಯೂಬಿನ ಮೇಲೆ ಕ್ಲೊಬೆಟಸಾಲ್, ಬೆಟಾಮೆಥಸೋನ್, ಮೊಮೆಟಸೋನ್ ಎಂದಿದ್ದರೆ ವೈದ್ಯರು ಹೇಳದೆ ಮುಖಕ್ಕೆ ಹಚ್ಚಬೇಡಿ. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ಚರ್ಮರೋಗ ವಿಭಾಗಕ್ಕೆ ಅರ್ಧ ದಿನ ರಜೆ ಹಾಕಿ ಹೋಗಿಬರುವುದು ಎಂಟು ತಿಂಗಳ ಉರಿಗಿಂತ ಅಗ್ಗ.

ಇಷ್ಟಾದ ಮೇಲೆ ಊಟ. ಜನ ಮೊದಲು ಕೇಳುವುದು ಇದನ್ನೇ, ನಾನು ಬೇಕೆಂದೇ ಹಿಂದಕ್ಕೆ ಇಟ್ಟೆ. ಸಕ್ಕರೆ ಬಿಟ್ಟರೆ ಯೀಸ್ಟ್ ಉಪವಾಸ ಬಿದ್ದು ಸಾಯುತ್ತದೆ ಎಂಬ ಮಾತು ಮೊಬೈಲಿನಲ್ಲಿ ಓಡಾಡುತ್ತದೆ. ಮೇಲೆ ಹೇಳಿದ್ದನ್ನು ನೆನೆದರೆ ಇದು ನಿಲ್ಲುವುದಿಲ್ಲ. ಅದು ತಿನ್ನುವುದು ಚರ್ಮದ ಮೇಲಿನ ಕೊಬ್ಬನ್ನು, ನೀವು ಕುಡಿದ ಚಹಾದ ಸಕ್ಕರೆಯನ್ನಲ್ಲ. ಆದರೂ ಊಟಕ್ಕೆ ಸಂಬಂಧವೇ ಇಲ್ಲ ಎನ್ನಲಾಗದು. ನೆದರ್ಲೆಂಡ್ಸಿನ ರಾಟರ್‌ಡ್ಯಾಂ ನಗರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಊಟ ಮತ್ತು ಚರ್ಮವನ್ನು ಹೋಲಿಸಿ ನೋಡಿದಾಗ, ಹಣ್ಣು ಹೆಚ್ಚು ತಿನ್ನುವವರಲ್ಲಿ ಈ ಕಾಯಿಲೆ ಕಾಲುಭಾಗದಷ್ಟು ಕಡಿಮೆ ಇತ್ತು. ಮಾಂಸ, ಸಂಸ್ಕರಿಸಿದ ತಿನಿಸು ಹೆಚ್ಚಿದ್ದ ಊಟದ ಹೆಂಗಸರಲ್ಲಿ ಹೆಚ್ಚಿತ್ತು. ಇದು ಸಂಬಂಧ ಮಾತ್ರ, ಕಾರಣವೆಂದು ಸಾಬೀತಾಗಿಲ್ಲ. ಹಣ್ಣು ತಿನ್ನುವವರು ಬೇರೆ ರೀತಿಯಲ್ಲೂ ಮೈ ನೋಡಿಕೊಳ್ಳುವವರಾಗಿರಬಹುದು. ಆದರೆ ಕೊಪ್ಪಳದ ದಾಳಿಂಬೆ, ಸಂತೆಯ ಪೇರಲ, ಹಿತ್ತಲ ಪಪ್ಪಾಯಿ ತಿನ್ನಲು ಇನ್ನಷ್ಟು ಪುರಾವೆಗಾಗಿ ಕಾಯಬೇಕೇ? ಸಂಜೆಯ ಮಂಡಕ್ಕಿ ಮಿರ್ಚಿಯ ಬದಲು ವಾರದಲ್ಲಿ ನಾಲ್ಕು ದಿನ ಹಣ್ಣು ಎಂದು ನಾನು ಮಾಡಿಕೊಂಡಿದ್ದೇನೆ. ಉಳಿದ ಮೂರು ದಿನ ಮಿರ್ಚಿಯದ್ದೇ. ಖಾರದಿಂದ ಈ ಕಾಯಿಲೆ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ, ಬೆವರು ಸುರಿದಾಗ ತುರಿಕೆ ಹೆಚ್ಚುತ್ತದೆ, ಅಷ್ಟೆ. ಹಾಲು, ಗೋಧಿ ಬಿಡಿ ಎನ್ನುವವರ ಮಾತಿಗೂ ಗಟ್ಟಿ ಪುರಾವೆಯಿಲ್ಲ.

ಊಟದ ಕೊರತೆಯಿಂದ ಬರುವ ಚರ್ಮದ ತೊಂದರೆ ಇದನ್ನೇ ಹೋಲುವುದುಂಟು. ಬಿ2, ಬಿ6 ಜೀವಸತ್ವಗಳು ತೀರಾ ಕಡಿಮೆಯಾದರೆ ಮೂಗಿನ ಪಕ್ಕ ಇಂಥದೇ ಪೊರೆ ಏಳುತ್ತದೆ, ತುಟಿಯ ಮೂಲೆ ಒಡೆಯುತ್ತದೆ. ಜೋಳ ಉಣ್ಣುವ ನಾವು ತಿಳಿದಿರಬೇಕಾದ ಇನ್ನೊಂದು ಕಥೆ ಪೆಲಾಗ್ರದ್ದು. ನಿಯಾಸಿನ್ ಎಂಬ ಬಿ ಜೀವಸತ್ವದ ಕೊರತೆಯ ರೋಗವದು. ಮೆಕ್ಕೆಜೋಳ ತಿನ್ನುವ ದೇಶಗಳಲ್ಲಿ ಮಾತ್ರ ಎಂದುಕೊಂಡಿದ್ದ ಇದು ದಖನ್ನಿನ ಬಡ ಜೋಳಾಹಾರಿಗಳಲ್ಲೂ ಇರುವುದನ್ನು ಹೈದರಾಬಾದಿನ ಪೋಷಣಾ ಸಂಶೋಧಕರಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಬರೆದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇದಕ್ಕೆ ಕಾರಣವಿರಬಹುದೆಂಬುದು ಅವರ ವಾದ, ಅದರ ಮೇಲೆ ಚರ್ಚೆ ಆಮೇಲೂ ನಡೆಯಿತು. ಪೆಲಾಗ್ರದ ಗುರುತು ಬೇರೆ: ಬಿಸಿಲು ಬೀಳುವ ಜಾಗ, ಅಂದರೆ ಕುತ್ತಿಗೆಯ ಸುತ್ತ, ಅಂಗೈಯ ಹಿಂಭಾಗ, ಪಾದಗಳ ಮೇಲೆ ಕಪ್ಪು ಪೊರೆ, ಜೊತೆಗೆ ಭೇದಿ. ಆ ರೋಗ ಬರುತ್ತಿದ್ದದ್ದು ರೊಟ್ಟಿಯ ಜೊತೆ ಬೇರೇನೂ ಇಲ್ಲದವರಿಗೆ. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಳ್ಳುವ ನಮ್ಮ ರೂಢಿ ಎಷ್ಟು ಜಾಣತನದ್ದೆಂಬುದು ನನಗೆ ಹೊಳೆದದ್ದು ಇದನ್ನು ಓದಿದ ಮೇಲೆ. ಶೇಂಗಾ ನಿಯಾಸಿನ್‌ನ ಕಣಜ. ಪುಂಡಿಪಲ್ಯ, ಮಡಕಿಕಾಳು, ಅಗಸೆ ಹಿಂಡಿ, ಗುರೆಳ್ಳು ಚಟ್ನಿ ಇರುವ ತಟ್ಟೆಗೆ ಮಾತ್ರೆಯ ಡಬ್ಬಿ ಬೇಕಿಲ್ಲ.

ಮಾತ್ರೆಯ ಡಬ್ಬಿಗಳಲ್ಲಿ ಅತಿ ಹೆಚ್ಚು ಹೆಸರು ಮಾಡಿದ್ದು ಬಯೋಟಿನ್ ಎಂಬ ಬಿ ಜೀವಸತ್ವ. ದೊಡ್ಡವರ ಸೆಬೊರಿಕ್ ಡರ್ಮಟೈಟಿಸ್‌ಗೆ ಅದು ಕೆಲಸ ಮಾಡುತ್ತದೆ ಎಂಬುದಕ್ಕೆ ನಂಬುವಂಥ ಆಧಾರವಿಲ್ಲ. ದಿನಕ್ಕೆ ಬೇಕಿರುವುದು 30ರಿಂದ 40 ಮೈಕ್ರೋಗ್ರಾಂ, ಮಾರುವ ಮಾತ್ರೆಯಲ್ಲಿ 10,000 ಇರುವುದುಂಟು. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ಏನೂ ಕೇಡಿಲ್ಲ ಎಂದುಕೊಳ್ಳುವಂತಿಲ್ಲ. ರಕ್ತದಲ್ಲಿ ಅದು ಹೆಚ್ಚಿದ್ದರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶ ತಪ್ಪಾಗುತ್ತದೆ, ಹೃದಯಾಘಾತ ಪತ್ತೆಹಚ್ಚುವ ಟ್ರೊಪೊನಿನ್ ಪರೀಕ್ಷೆ ಸುಳ್ಳೇ ‘ಏನೂ ಇಲ್ಲ’ ಎನ್ನಬಹುದು. ಅಮೆರಿಕದ ಔಷಧ ನಿಯಂತ್ರಕರು 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದಾರೆ. ಜಿಂಕ್ ಮಾತ್ರೆಯನ್ನು ದಿನಕ್ಕೆ 40 ಮಿಲಿಗ್ರಾಂ ಮೀರಿ ತಿಂಗಳುಗಟ್ಟಲೆ ನುಂಗಿದರೆ ದೇಹದ ತಾಮ್ರ ಕುಸಿದು ರಕ್ತಹೀನತೆ ಬರಬಹುದು. ಡಿ ಜೀವಸತ್ವ ಕಡಿಮೆಯಿದೆಯೆಂದು ಪರೀಕ್ಷೆಯಲ್ಲಿ ಕಂಡರೆ ಮೂಳೆಗಾಗಿ ತೆಗೆದುಕೊಳ್ಳಿ, ಹೊಟ್ಟಿಗಾಗಿ ಅಲ್ಲ.

ಮನೆಮದ್ದಿನಲ್ಲಿ ಎರಡಕ್ಕೆ ಅಷ್ಟಿಷ್ಟು ಪರೀಕ್ಷೆಯ ಬಲವಿದೆ. ಟೀ ಟ್ರೀ ಎಣ್ಣೆ (ನಮ್ಮ ಚಹಾ ಗಿಡದ್ದಲ್ಲ, ಆಸ್ಟ್ರೇಲಿಯಾದ ಬೇರೊಂದು ಮರದ ಎಲೆಯದು) ಶೇಕಡ 5ರಷ್ಟಿರುವ ಶಾಂಪೂವನ್ನು 126 ಜನರ ಮೇಲೆ ನಾಲ್ಕು ವಾರ ಪ್ರಯೋಗಿಸಿದಾಗ ಹೊಟ್ಟು ಶೇಕಡ 41ರಷ್ಟು ತಗ್ಗಿತು, ಔಷಧಿಯಿಲ್ಲದ ಶಾಂಪೂ ಬಳಸಿದವರಲ್ಲಿ ಶೇಕಡ 11. ಎರಡನೆಯದು ಜೇನು. ಬೆಚ್ಚನೆಯ ನೀರು ಬೆರೆಸಿದ ಜೇನನ್ನು ದಿನ ಬಿಟ್ಟು ದಿನ ಹಚ್ಚಿ ಮೂರು ತಾಸು ಬಿಟ್ಟು ತೊಳೆದ 30 ಜನರಲ್ಲಿ ಎಲ್ಲರಿಗೂ ಗುಣ ಕಂಡಿತಂತೆ. ಆದರೆ ಹೋಲಿಸಲು ಜೇನು ಹಚ್ಚದ ಗುಂಪೇ ಇರಲಿಲ್ಲ. ನಾನೂ ಒಂದು ಭಾನುವಾರ ಪ್ರಯತ್ನಿಸಿದೆ. ಮೇ ತಿಂಗಳ ರಾಯಚೂರು, ತಲೆಯಲ್ಲಿ ಜೇನು, ಮೂರು ತಾಸು: ಇರುವೆಗಳು ನನಗಿಂತ ಮೊದಲು ಫಲಿತಾಂಶ ಕಂಡುಕೊಂಡವು. ನಿಂಬೆರಸವನ್ನಂತೂ ಹಚ್ಚಬೇಡಿ. ಅದು ಚರ್ಮದ ಮೇಲಿರುವಾಗ ನಮ್ಮ ಬಿಸಿಲು ತಾಗಿದರೆ ಸುಟ್ಟ ಗಾಯದಂತೆ ಗುಳ್ಳೆಯೆದ್ದು ಕಪ್ಪು ಕಲೆ ಉಳಿಯುತ್ತದೆ.

ದಿನಚರಿಯ ವಿಷಯದಲ್ಲಿ ನನ್ನ ನೋಟ್‌ಬುಕ್ಕೇ ಸಾಕ್ಷಿ. ಎರಡು ವರ್ಷ ಯಾವ ವಾರ ಕೆರಳಿತು ಎಂದು ಬರೆದಿಟ್ಟೆ. ತಿಂದದ್ದಕ್ಕೂ ಕೆರಳಿದ್ದಕ್ಕೂ ತಾಳೆ ಸಿಗಲಿಲ್ಲ. ಸಿಕ್ಕಿದ್ದು ಎರಡಕ್ಕೆ. ಒಂದು ಹತ್ತನೇ ತರಗತಿಯ ಉತ್ತರಪತ್ರಿಕೆಗಳ ಮೌಲ್ಯಮಾಪನದ ಕಾಲ, ನಿದ್ದೆ ಐದು ತಾಸಿಗಿಳಿಯುವ ವಾರಗಳು. ಮನಸ್ಸಿನ ಒತ್ತಡ ಈ ಕಾಯಿಲೆಯನ್ನು ಕೆರಳಿಸುತ್ತದೆಂದು ವೈದ್ಯರೂ ಹೇಳುತ್ತಾರೆ. ಇನ್ನೊಂದು ಚಳಿಗಾಲ. ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಹಾಳಾಗುತ್ತದೆಂದು ನಾನು ಎಣಿಸಿದ್ದೆ, ಆಗುವುದು ಡಿಸೆಂಬರಿನ ಒಣ ಗಾಳಿಗೆ. ಬೇಸಿಗೆಯಲ್ಲಿ ಕಷ್ಟವಾಗುವುದು ಹೆಲ್ಮೆಟ್ಟಿನೊಳಗೆ ಬೆವರು ನಿಲ್ಲುವವರಿಗೆ, ಅದಿರಿನ ಗಣಿಯ ಧೂಳಿನಲ್ಲಿ ತಲೆಗೆ ಬಟ್ಟೆ ಸುತ್ತಿ ಇಡೀ ದಿನ ದುಡಿಯುವವರಿಗೆ. ಅವರು ಸಂಜೆ ತಲೆ ತೊಳೆದು, ಹೆಲ್ಮೆಟ್ಟಿನ ಒಳಪದರವನ್ನೋ ತಲೆಗೆ ಸುತ್ತಿದ ಬಟ್ಟೆಯನ್ನೋ ಒಗೆದು ಹಾಕಿದರೆ ಸಾಕಷ್ಟು ಇಳಿಯುತ್ತದೆ. ಗಡ್ಡದಲ್ಲಿ ಕಾಡುವವರು ಬೋಳಿಸಿ ನೋಡಲಿ.

ಇಷ್ಟೆಲ್ಲ ಮಾಡಿಯೂ ನಾಲ್ಕು ವಾರದಲ್ಲಿ ಜಗ್ಗದಿದ್ದರೆ ಅದು ಸೋರಿಯಾಸಿಸ್ ಇರಬಹುದು. ಅದರ ಪೊರೆ ದಪ್ಪ, ಬೆಳ್ಳಿಯಂತೆ ಬಿಳಿ, ಕೂದಲಿನ ಗಡಿ ದಾಟಿ ಹಣೆಗೆ ಬರುತ್ತದೆ, ಮೊಣಕೈ, ಮೊಣಕಾಲುಗಳಲ್ಲೂ ಕಾಣುತ್ತದೆ. ಮೊದಲು ಇಲ್ಲದ ಕಾಯಿಲೆ ಏಕಾಏಕಿ ಮುಖ, ಎದೆಯನ್ನೆಲ್ಲ ಹಿಡಿದರೆ ಎಚ್‌ಐವಿ ಪರೀಕ್ಷೆ ಮಾಡಿಸಲು ವೈದ್ಯರು ಹೇಳುತ್ತಾರೆ. ರೋಗನಿರೋಧಕ ಶಕ್ತಿ ಕುಂದಿದಾಗ ಇದು ಜೋರಾಗುವುದರಿಂದ ಕೇಳುತ್ತಾರೆಯೇ ಹೊರತು ನಡತೆಯ ಮೇಲಿನ ಅನುಮಾನದಿಂದಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಪರೀಕ್ಷೆ ಉಚಿತ, ಗುಟ್ಟಾಗಿರುತ್ತದೆ. ಕೈಕಾಲು ನಡುಗಿಸುವ ಪಾರ್ಕಿನ್ಸನ್ ರೋಗವಿರುವ ಹಿರಿಯರಲ್ಲೂ ಇದು ಹೆಚ್ಚು.

ನನ್ನ ಪಾಳಿ ಭಾನುವಾರ ಬೆಳಗ್ಗೆ. ದೀಪಾವಳಿ ಕಳೆದ ಮೇಲೆ ಬುಧವಾರವೂ ಸೇರುತ್ತದೆ, ಶಿವರಾತ್ರಿಗೆ ಮತ್ತೆ ಒಂದೇ. ನೊರೆ ಹಚ್ಚಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಾಗ ಅವ್ವ ಒಳಗಿನಿಂದ ಗಡಿಯಾರ ನೋಡಿ ನಿಮಿಷ ಎಣಿಸುತ್ತಾಳೆ. ಐದಾಯಿತು ಎಂದ ಮೇಲೆಯೇ ನೀರು.